ಪರದೆ ಕೇಳುವ ಮೊದಲೇ

ನಮ್ಮ ಆಫೀಸಿನಲ್ಲಿ ನಗುವಂಥದ್ದು ಆಗದ ವಾರವೇ ಇಲ್ಲ. ಆದರೆ ಆದ ಕೂಡಲೇ ಯಾರೂ ನಗುವುದಿಲ್ಲ. ಯಾರಿಂದ ಆಯಿತು ಎಂಬುದು ಮೊದಲು ಗೊತ್ತಾಗಬೇಕು. ನಮ್ಮಿಂದ ಆಗಿದ್ದರೆ ಮ್ಯಾನೇಜರರು ಅಲ್ಲೇ ನಗುತ್ತಾರೆ. ಮ್ಯಾನೇಜರರಿಂದ ಆಗಿದ್ದರೆ ನಾವು ಮನೆಗೆ ಹೋಗಿ ನಗುತ್ತೇವೆ.

ಆಫೀಸೆಂದರೆ ಇಳಕಲ್ಲಿನ ಒಂದು ನೇಕಾರರ ಸೊಸಾಯಿಟಿ. ಅಲ್ಲಿ ನಾನು ಸೀರೆ ಮಡಚಿ ಘಡಿ ಮಾಡಿ, ಮೇಲೊಂದು ಚೀಟಿ ಬರೆದು ಹಚ್ಚುತ್ತಿದ್ದೆ. ಸೀರೆಯ ನಂಬರು, ಬಣ್ಣ, ಉದ್ದ, ಅಂಚು, ಇಷ್ಟೇ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಚೇರಮನ್ನರು ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್ ತರಿಸಿದರು. ನಮ್ಮ ಓಣಿಗೆ ಟೀವಿಯ ನಂತರ ಬಂದ ಎರಡನೇ ಡಬ್ಬಿ ಅದು. "ಟೀವಿಯೊಳಗ ಐತವಾರ ಆದ್ರೂ ಏನರ ಬರ್ತೈತಿ," ಎಂದರು ನಮ್ಮ ಅತ್ತೆ.

ಡಬ್ಬಿಯ ಜೊತೆ ಒಬ್ಬ ಎಂಜಿನಿಯರು ಬಂದರು. ನನಗಿಂತ ಎರಡು ವರ್ಷ ಸಣ್ಣವರು. ಇಂಗ್ಲಿಷ್ ಅಕ್ಷರ ಬರುವವರು ಯಾರಿದ್ದೀರಿ ಎಂದು ಕೇಳಿದರು. ಹೆಂಗಸರಲ್ಲಿ ಹತ್ತನೆಯ ಇಯತ್ತೆ ಪಾಸಾದವಳು ನಾನೊಬ್ಬಳೇ. ಗಣಿತ ಎಷ್ಟನೇ ಸಲಕ್ಕೆ ಪಾಸಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಎರಡು ಪ್ರೋಗ್ರಾಮು ಬರೆದಿದ್ದರು. ಮೊದಲನೆಯದು ಚೀಟಿಯದು. ಪರದೆಯ ಮೇಲೆ ಅದು ಒಂದೊಂದಾಗಿ ಕೇಳುತ್ತದೆ: ನಂಬರು, ಬಣ್ಣ, ಉದ್ದ, ಅಂಚು. ಅಕ್ಷರ ಇಂಗ್ಲಿಷು, ಮಾತು ನಮ್ಮದು. ಕೊನೆಗೆ "ಸರಿಯೇ?" ಎನ್ನುತ್ತದೆ. ಹೌದಾದರೆ ವೈ ಎಂಬ ಅಕ್ಷರ ಒತ್ತಬೇಕು, ಚೀಟಿ ಅಚ್ಚಾಗಿ ಬರುತ್ತದೆ, ಪರದೆಯ ಕೆಳಗೆ "ಆಯಿತು" ಎಂದು ಮೂಡುತ್ತದೆ. ಎರಡನೆಯ ಪ್ರೋಗ್ರಾಮಿನ ಕೆಲಸ ಮೊದಲನೆಯದರ ಪರೀಕ್ಷೆ ತೆಗೆದುಕೊಳ್ಳುವುದು. ಅದು ಬೆರಳಿಲ್ಲದೆ ತಾನೇ ಬಟನ್ ಒತ್ತುತ್ತದೆ. ಏನು ಒತ್ತಬೇಕು, ಒತ್ತಿದ ಮೇಲೆ ಪರದೆಯ ಮೇಲೆ ಏನು ಬರಬೇಕು ಎಂದು ಸಾಲುಸಾಲಾಗಿ ಹಾಳೆ ಬರೆದುಕೊಡುವವಳು ನಾನು. ಬರೆದದ್ದು ಬಂದರೆ ಪಾಸು, ಬರದಿದ್ದರೆ ಫೇಲು.

ಪರೀಕ್ಷೆ ಯಂತ್ರಕ್ಕೆ ಮಾತ್ರ ಇರಲಿಲ್ಲ. ಮೂರು ತಿಂಗಳಾದ ಮೇಲೆ ಚೇರಮನ್ನರು ಬಂದು ನೋಡುವವರಿದ್ದರು. ಎಲ್ಲ ಸರಿಯಾಗಿ ನಡೆದರೆ ನಾನು ಕಾಯಂ. ನಡೆಯದಿದ್ದರೆ ಯಂತ್ರ ಹುಬ್ಬಳ್ಳಿಗೆ, ನಾನು ಮನೆಗೆ. ಘಡಿ ಮಾಡುವ ನನ್ನ ಜಾಗದಲ್ಲಿ ಮ್ಯಾನೇಜರರು ಆಗಲೇ ತಮ್ಮ ನಾದಿನಿಯನ್ನು ಕೂಡ್ರಿಸಿದ್ದರು. ಮನೆಯಲ್ಲಿ ನನಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಅದೇ ನನ್ನ ಹೆದರಿಕೆ.

೧. ವೈ ಅಂಚು

ಮೊದಲ ದಿನ ಒಂದೇ ಸೀರೆಯ ಹಾಳೆ ಬರೆದುಕೊಟ್ಟೆ. ನಂಬರು ನೂರಾ ಒಂದು, ಬಣ್ಣ ಕೆಂಪು, ಉದ್ದ ಒಂಬತ್ತು ಗಜ, ಅಂಚು ನಮ್ಮೂರಿನ ಗೋಮಿ ನಮೂನೆ, ಕೊನೆಗೆ ವೈ. ಯಂತ್ರ ಒತ್ತತೊಡಗಿತು. ಯಾರೂ ಮುಟ್ಟದೆ ಅಕ್ಷರ ಮೂಡುವುದನ್ನು ಕಂಡ ಮ್ಯಾನೇಜರರು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಕೈ ಮುಗಿದರು.

ಚೀಟಿಯ ಪ್ರೋಗ್ರಾಮಿಗೆ ಒಂದು ಅಭ್ಯಾಸ. ನಂಬರು ಕೊಟ್ಟ ಕೂಡಲೇ, ಅದು ಮೊದಲೇ ಇದೆಯೋ ಎಂದು ಫ್ಲಾಪಿಯಲ್ಲಿ ಹುಡುಕಲು ಹೋಗುತ್ತದೆ. ಹುಡುಕಿ ಬಂದ ಮೇಲೆ ಬಣ್ಣ ಕೇಳುತ್ತದೆ. ಅದು ತಿರುಗಿ ಬರುವುದರೊಳಗೆ ಪರೀಕ್ಷೆಯ ಪ್ರೋಗ್ರಾಮು ಕೆಂಪು ಎಂದು ಒತ್ತಿ ಮುಗಿಸಿತ್ತು. ಕೇಳುವವರಿಲ್ಲದ ಕೆಂಪು ಗಾಳಿಗೆ ಹೋಯಿತು. ಬಣ್ಣದ ಜಾಗದಲ್ಲಿ ಒಂಬತ್ತು ಗಜ ಬಂದು ಕೂತಿತು. ಉದ್ದದ ಜಾಗದಲ್ಲಿ ಗೋಮಿ. ಹೌದು ಎನ್ನಲು ಇಟ್ಟಿದ್ದ ವೈ ಅಂಚಿನ ಜಾಗಕ್ಕೆ ಹೋಯಿತು. "ಸರಿಯೇ?" ಎಂದು ಪರದೆ ಕೇಳಿದಾಗ ಒತ್ತಲು ಏನೂ ಉಳಿದಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಪ್ರೋಗ್ರಾಮು ತಾನೇ ಹೌದು ಎಂದುಕೊಂಡಿತು. ನಮ್ಮ ಕಡೆ ಮದುವೆಗೆ ಮೊದಲು ಹುಡುಗಿಯನ್ನು ಕೇಳುವುದೂ ಹೀಗೇ. ಬೇಡ ಎನ್ನದಿದ್ದರೆ ಹೌದು.

ಮ್ಯಾನೇಜರರು ಚೀಟಿ ಹಿಡಿದು ಕೇಳಿದರು, "ಈ ವೈ ಅಂಚು ಯಾವ್ದವಾ? ನಾ ಹುಟ್ಟಿದಾಗಿಂದ ಇಳಕಲ್ ಸೀರಿ ನೋಡೇನಿ."

"ಹೊಸಾದಿರಬೇಕ್ರಿ. ಹುಬ್ಬಳ್ಳಿಯಿಂದ ಬಂದದ್ದು."

ಎಂಜಿನಿಯರು ಬಗ್ಗಿ, ಕೆಳಗೆ ಬಿದ್ದೇ ಇರದ ಪೆನ್ನನ್ನು ಹುಡುಕತೊಡಗಿದರು.

ಆ ಚೀಟಿ ಮೇಜಿನ ಮೇಲಿತ್ತು. ಮ್ಯಾನೇಜರರ ನಾದಿನಿ ಅದನ್ನು ಒಂದು ಸೀರೆಗೆ ಹಚ್ಚಿಬಿಟ್ಟಳು. ಸೀರೆ ಬಾಗಲಕೋಟೆಗೆ ಹೋಯಿತು. ಎಂಟು ದಿನಕ್ಕೆ ಅಲ್ಲಿಯ ಅಂಗಡಿಯವರು ತಾವೇ ಬಂದರು. "ವೈ ಅಂಚಿಂದು ಇನ್ನೊಂದ ಆರು ಕೊಡ್ರಿ. ನಮ್ಮಲ್ಲಿ ಹೆಣ್ಮಕ್ಕಳು ಅದನ್ನ ಕೇಳಾಕತ್ತಾರ."

೨. ಎಣಿಸುವ ಉಪಾಯ

ಎಂಜಿನಿಯರು ಉಪಾಯ ಮಾಡಿದರು. ಒಂದು ಸಾಲು ಒತ್ತಿದ ಮೇಲೆ ಯಂತ್ರ ಒಳಗೊಳಗೇ ಹತ್ತು ಎಣಿಸಬೇಕು, ಆಮೇಲೆ ಮುಂದಿನದನ್ನು ಒತ್ತಬೇಕು. ಆ ದಿನ ಪಾಸಾಯಿತು. ಮುಂದಿನ ವಾರ ಫ್ಲಾಪಿಯಲ್ಲಿ ಸೀರೆಗಳು ಹೆಚ್ಚಾದವು, ಹುಡುಕಲು ಹೊತ್ತು ಹಿಡಿಯಿತು, ಹತ್ತು ಸಾಲದೆ ಫೇಲಾಯಿತು.

"ಅಕ್ಕಾರ, ಇನ್ನ ಹತ್ತು ಕೂಡಸ್ರಿ."

ಇಪ್ಪತ್ತು ಮಾಡಿದೆ. ಅದರ ಮುಂದಿನ ವಾರ ಮೂವತ್ತು. ಆಮೇಲೆ ಐವತ್ತು. ಕಡೆಕಡೆಗೆ ಮುಂಜಾನೆ ಹಚ್ಚಿದ ಪರೀಕ್ಷೆ ಊಟದ ಹೊತ್ತಿಗೆ ಮುಗಿಯತೊಡಗಿತು. ಅಷ್ಟರಲ್ಲಿ ಕೈಯಿಂದಲೇ ಆದರೆ ನಾನು ಅಷ್ಟೂ ಚೀಟಿ ಬರೆದು, ಹಚ್ಚಿ, ಮ್ಯಾನೇಜರರ ನಾದಿನಿಯ ಘಡಿಗಳನ್ನು ಬಿಚ್ಚಿ ತಿರುಗಿ ಸರಿಯಾಗಿ ಮಾಡಿಡಬಹುದಿತ್ತು.

ಈ ಉಪಾಯ ನನಗೆ ಹೊಸದಲ್ಲ. ನಮ್ಮ ಅತ್ತೆ ದಿನಾ ಸ್ಟೋವಿನ ಮೇಲೆ ಹಾಲಿಟ್ಟು ಲಿಂಗಪೂಜೆಗೆ ಕೂಡುತ್ತಾರೆ. ಪೂಜೆ ಮುಗಿಯುವುದಕ್ಕೂ ಹಾಲು ಉಕ್ಕಿ ಬರುವುದಕ್ಕೂ ಸರಿಹೋಗಬೇಕು. ಸ್ಟೋವಿನ ಬತ್ತಿ ಸವೆದ ದಿನ ಪೂಜೆ ಮುಗಿದರೂ ಹಾಲು ತಣ್ಣಗಿರುತ್ತದೆ. ಹೊಸ ಬತ್ತಿ ಹಾಕಿದ ದಿನ ಪೂಜೆ ಅರ್ಧವಾಗುವುದರೊಳಗೆ ಹಾಲು ನೆಲದ ಮೇಲಿರುತ್ತದೆ. ಎರಡೂ ದಿನ ತಪ್ಪು ನನ್ನದೇ.

"ನೀ ಸ್ಟೋ ಮುಟ್ಟಿದಿ, ಅದಕ್ಕ."

"ನಾ ಮುಟ್ಟಿಲ್ರಿ ಅತ್ತಿ."

"ಮುಟ್ಟಬೇಕಿತ್ತಲ್ಲ ಮತ್ತ."

ಐವತ್ತೂ ಸಾಲದಾದ ದಿನ ನಾನು ಎಂಜಿನಿಯರಿಗೆ ಹೇಳಿದೆ, "ಎಣಸೂದು ಯಾಕ್ರಿ ಸಾಹೇಬ್ರ? ಹಾಲಿನ ಕಡೆ ನೋಡಿದ್ರಾತಲ್ಲ."

"ಯಾವ ಹಾಲ್ರಿ?"

"ಪರದೆ ಮ್ಯಾಲೆ ಬಣ್ಣ ಯಾವ್ದು ಅಂತ ಕೇಳ್ತೈತಲ್ರಿ. ಅದು ಬಂತೇನು ಅಂತ ನೋಡ್ಲಿ. ಬಂದ ಕೂಡಲೆ ಒತ್ತಲಿ. ಬರೂ ತನಕಾ ಸುಮ್ನಿರ್ಲಿ. ಎರಡ ಎಣಿಸೂದ್ರಾಗ ಬಂದ್ರ ಐವತ್ತು ಯಾಕ, ಅರವತ್ತಾದ್ರೂ ಬರದಿದ್ರ ಐವತ್ತು ತಗೊಂಡು ಏನ ಮಾಡೂದು?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ದೊಡ್ಡ ಕಾಲೇಜಿನಲ್ಲಿ ಓದಿದವರ ಮುಂದೆ ಹಾಲಿನ ಮಾತು ತೆಗೆಯಬಾರದಿತ್ತೇನೋ ಎಂದು ನನಗೂ ಅನಿಸಿತು.

ಮರುದಿನ ಬಾಗಿಲಲ್ಲೇ ಹೇಳಿದರು, "ಅಕ್ಕಾರ, ಮುಂಜಾನೆ ಜಳಕಾ ಮಾಡೂ ಮುಂದ ನನಗೊಂದು ಐಡಿಯಾ ಬಂತ್ರಿ."

೩. ಬೀಗರ ಊಟ

ಅಂದಿನಿಂದ ಯಂತ್ರ ನೋಡಿ ಒತ್ತತೊಡಗಿತು. ಎಷ್ಟು ಹೊತ್ತು ನೋಡಬೇಕು ಎಂದು ಮಾತ್ರ ಯಾರೂ ಅದಕ್ಕೆ ಹೇಳಿರಲಿಲ್ಲ.

ಒಂದು ಶನಿವಾರ ಪರೀಕ್ಷೆ ಹಚ್ಚಿ ನಾನು ಬಾದಾಮಿಗೆ ಮದುವೆಗೆ ಹೋದೆ, ಎಂಜಿನಿಯರು ಹುಬ್ಬಳ್ಳಿಗೆ ಹೋದರು. ನಾವು ಹೋದ ಮೇಲೆ ಪ್ರಿಂಟರಿನಲ್ಲಿ ಕಾಗದ ಮುಗಿಯಿತು. ಚೀಟಿಯ ಪ್ರೋಗ್ರಾಮು "ಕಾಗದ ಹಾಕಿ ಬಟನ್ ಒತ್ತಿರಿ" ಎಂದು ನಿಂತಿತು. ಪರೀಕ್ಷೆಯ ಪ್ರೋಗ್ರಾಮು, "ಆಯಿತು" ಎಂಬ ಮಾತು ಬರಲಿ, ಬಂದರೆ ಒತ್ತುತ್ತೇನೆ ಎಂದು ನಿಂತಿತು. ಅದು ಇದರ ದಾರಿ ನೋಡಿತು, ಇದು ಅದರ ದಾರಿ ನೋಡಿತು.

ಬಾದಾಮಿಯಲ್ಲಿಯೂ ಅದೇ ನಡೆದಿತ್ತು. ಬೀಗರು ಕರೆಯದೆ ಊಟಕ್ಕೆ ಏಳುವುದಿಲ್ಲವಲ್ಲ, ಗಂಡಿನ ಕಡೆಯವರು ಜಮಖಾನೆಯ ಮೇಲೆ ಕರೆಯಲಿ ಎಂದು ಕೂತಿದ್ದರು. ಹೆಣ್ಣಿನ ಕಡೆಯವರು, ಅವರ ಮಾತುಕತೆ ಮುಗಿಯಲಿ, ಎದ್ದ ಕೂಡಲೇ ಕರೆದರಾಯಿತು ಎಂದು ಬಾಗಿಲಲ್ಲಿ ನಿಂತಿದ್ದರು. ಅನ್ನ ಆರಿತು. ಮೂರು ಹೊಡೆಯಿತು. ಕಡೆಗೆ ನನ್ನ ಮಗಳು, ನಾಲ್ಕು ವರ್ಷದವಳು, ಗಂಡಿನ ತಂದೆಯ ಮುಂದೆ ಹೋಗಿ ನಿಂತು, "ನೀವು ಉಣ್ಣೂದಿಲ್ಲೇನ್ರಿ? ಹಂಗಾರ ನಿಮ್ಮ ಹೋಳಗಿ ನಾ ತಗೋಳ್ಲೇನ್ರಿ?" ಎಂದಳು. ಇಡೀ ಬೀಗರ ಬಳಗ ಒಮ್ಮೆಲೇ ಎದ್ದಿತು.

ಸೋಮವಾರ ಆಫೀಸಿಗೆ ಬಂದರೆ ಯಂತ್ರದ ಮುಂದೆ ಜವಾನ ಸ್ಟೂಲಿನ ಮೇಲೆ ಕೂತಿದ್ದ. ಭಾನುವಾರವೂ ಕೂತಿದ್ದನಂತೆ. ಯಂತ್ರ ಏನೋ ಆಳವಾದ ವಿಚಾರ ಮಾಡುತ್ತಿದೆ, ಯಾರೂ ಬಂದ್ ಮಾಡಬಾರದು ಎಂದು ಮ್ಯಾನೇಜರರ ಅಪ್ಪಣೆ. ಆ ಎರಡು ದಿನ ಇಳಕಲ್ಲಿನಲ್ಲಿ ಕರೆಂಟು ಒಮ್ಮೆಯೂ ಹೋಗಿರಲಿಲ್ಲ. ನಾನು ಬಾಣಂತಿಯಾಗಿದ್ದಾಗ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಕರೆಂಟು.

"ಎರಡ ದಿನ ವಿಚಾರ ಮಾಡೇತಿ," ಎಂದರು ಮ್ಯಾನೇಜರರು, ದನಿ ತಗ್ಗಿಸಿ. "ಏನಂತೈತಿ ನೋಡವಾ."

"ಕಾಗದ ಹಾಕ್ರಿ ಅಂತೈತ್ರಿ."

ಆ ದಿನ ಹಾಳೆಯಲ್ಲಿ ಹೊಸ ಸಾಲು ಬರೆದೆ. ಇಂತಿಷ್ಟು ಹೊತ್ತು ನೋಡಬೇಕು. ಬರದಿದ್ದರೆ, "ಇಷ್ಟು ಹೊತ್ತು ಕಾದೆ, ಬರಲಿಲ್ಲ, ಕಡೆಗೆ ಪರದೆಯ ಮೇಲೆ ಕಂಡದ್ದು ಇದು" ಎಂದು ಬರೆದಿಟ್ಟು ಫೇಲು ಎನ್ನಬೇಕು. ಬೀಗರಿಗೂ ಇಂಥದ್ದೊಂದು ಸಾಲು ಬರೆದುಕೊಡಬಹುದಿತ್ತು, ಆದರೆ ಅವರು ಯಾರ ಹಾಳೆಯನ್ನೂ ಓದುವುದಿಲ್ಲ.

ಜವಾನ ಸೊಂಟ ಹಿಡಿದುಕೊಂಡು ಎದ್ದು ಕೇಳಿದ, "ಅಲ್ರಿ ಸಾಹೇಬ್ರ, ಕಾಗದ ಇಲ್ಲಂತ ನಿಂತದ್ದಕ್ಕ ನನ್ನ ಯಾಕ ಕೂಡ್ರಿಸಿದ್ರಿ?"

"ಅದಕ್ಕ ಒಂಟಿ ಅನಸಬಾರ್ದಂತ," ಎಂದರು ಮ್ಯಾನೇಜರರು.

೪. ಮೊದಲು ಬಾಯಿ ಒರೆಸು

ಮೂರನೇ ತಿಂಗಳ ಹೊತ್ತಿಗೆ ಒಂದೇ ಸಲಕ್ಕೆ ನಲವತ್ತು ಸೀರೆಯ ಹಾಳೆ ಬರೆದೆ. ನಾನು ಕಣ್ಣು ಮಿಟುಕಿಸುವುದರೊಳಗೆ ನಲವತ್ತೂ ಪಾಸು. ಮ್ಯಾನೇಜರರು ಪೇಡೆ ತರಿಸಿದರು. ಎಂಜಿನಿಯರು ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿ, "ತಗೋರಿ ಅಕ್ಕಾರ," ಎಂದರು.

ನಾನು ತೆಗೆದುಕೊಳ್ಳಲಿಲ್ಲ. ನಮ್ಮ ಪ್ರಿಂಟರು ಚೀಟಿ ಹೊಡೆಯುವಾಗ ತಗಡಿನ ಮೇಲೆ ಕಲ್ಲು ಎಳೆದಂತೆ ಸದ್ದಾಗುತ್ತದೆ. ಒಂದೊಂದು ಚೀಟಿಗೂ ಹಿಂದಿನ ಮನೆಯ ನಾಯಿ ಬೊಗಳುತ್ತದೆ. ಆ ದಿನ ನಾಯಿ ಒಂದೇ ಸಲ ಬೊಗಳಿ ಮಲಗಿತ್ತು.

ಮೊದಲ ಸೀರೆ ಮುಗಿದಾಗ ಪರದೆಯ ಕೆಳಗೆ "ಆಯಿತು" ಎಂದು ಬಂದಿತ್ತು. ಅದನ್ನೂ ಅದರ ಮೇಲಿನ ಹಳೆಯ ಪ್ರಶ್ನೆಗಳನ್ನೂ ಯಾರೂ ಅಳಿಸಿರಲಿಲ್ಲ. ಎರಡನೆಯ ಸೀರೆಯನ್ನು ಒತ್ತಿ, ಆಯಿತೇ ಎಂದು ಯಂತ್ರ ನೋಡಿತು. ಆಯಿತು ಎಂದಿತ್ತು. ಪಾಸು. ಮೂರನೆಯದಕ್ಕೆ ನೋಡಿತು, ಅದೇ ಆಯಿತು. ಮೂವತ್ತೊಂಬತ್ತು ಸೀರೆಗಳು ಹಳೆಯ ಒಂದು ಆಯಿತು ನೋಡಿಕೊಂಡು ಪಾಸಾಗಿದ್ದವು. ಒಳಗೆ ಒಂದೂ ಹೋಗಿರಲಿಲ್ಲ.

ಇದು ನನ್ನ ಮಗಳ ಕಸುಬು. ಮುಂಜಾನೆ ಉಂಡಾಗ ಗಲ್ಲಕ್ಕೆ ಹತ್ತಿದ ಅನ್ನದ ಅಗುಳನ್ನು ಅವಳು ಒರೆಸಿಕೊಳ್ಳುವುದಿಲ್ಲ. ಮಧ್ಯಾಹ್ನ ಅತ್ತೆ "ಉಂಡೇನವಾ?" ಎಂದು ಕೇಳಿದರೆ ಗಲ್ಲ ತೋರಿಸುತ್ತಾಳೆ. "ಉಂಡಾಳ ನೋಡು, ಶಾಣೇಕಿ," ಎನ್ನುತ್ತಾರೆ ಅತ್ತೆ. ಸಂಜೆ ನಾನು ಬಂದು ನೋಡಿದರೆ ತಾಟಿನಲ್ಲಿ ಅನ್ನ ಇಟ್ಟಲ್ಲೇ ಇರುತ್ತದೆ. ಅದಕ್ಕೇ ನಾನು ಮೊದಲು ಮುಖ ಒರೆಸುತ್ತೇನೆ, ಆಮೇಲೆ ಉಣ್ಣಲು ಕೂಡ್ರಿಸುತ್ತೇನೆ, ಆಮೇಲೆ ಗಲ್ಲ ನೋಡುತ್ತೇನೆ.

ಎಂಜಿನಿಯರಿಗೆ ಇಷ್ಟೆಲ್ಲ ಹೇಳುವ ತಾಳ್ಮೆ ನನಗಿರಲಿಲ್ಲ. "ಸಾಹೇಬ್ರ, ಮೊದಲ ಬಾಯಿ ಒರಸ್ರಿ," ಎಂದೆ.

ಅವರು ಕಿಸೆಯಿಂದ ಕರವಸ್ತ್ರ ತೆಗೆದು ಪೇಡೆಯ ಬಾಯಿಯನ್ನು ಅಚ್ಚುಕಟ್ಟಾಗಿ ಒರೆಸಿಕೊಂಡರು.

"ನಿಮ್ಮದಲ್ರಿ. ಪರದೆದು."

ಒತ್ತುವ ಮೊದಲು ಪರದೆಯ ಮೇಲಿನ ಹಳೆಯದನ್ನೆಲ್ಲ ಅಳಿಸುವುದು, ಒತ್ತುವುದು, ಹೊಸ ಆಯಿತು ಬರುವ ತನಕ ಕಾಯುವುದು, ಹೀಗೆ ತಿದ್ದಿದರು. ಮರುದಿನ ನಲವತ್ತು ಸೀರೆಗೂ ನಾಯಿ ಬೊಗಳಿತು. ಆ ನಾಯಿಯಷ್ಟು ನಂಬಿಕೆಯ ಪರೀಕ್ಷಕರು ನಮ್ಮಲ್ಲಿ ಇನ್ನೊಬ್ಬರಿಲ್ಲ.

೫. ಚೇರಮನ್ನರ ಕುರ್ಚಿ

ಚೇರಮನ್ನರು ಬರುವ ದಿನ ಬಂತು. ಅವರು ದೊಡ್ಡ ಆಳು. ದೊಡ್ಡ ರುಮಾಲು. ಅವರ ಸಾಗವಾನಿ ಕುರ್ಚಿಯನ್ನು ಇಬ್ಬರು ಎತ್ತಿ ತಂದು, ಹತ್ತಿರದಿಂದ ಕಾಣಲಿ ಎಂದು ಪ್ರಿಂಟರಿನ ಪಕ್ಕದಲ್ಲೇ ಹಾಕಿದರು.

"ಯಾರೂ ಮುಟ್ಟೂದಿಲ್ಲ?" ಎಂದು ಕೇಳಿದರು.

"ಯಾರೂ ಮುಟ್ಟೂದಿಲ್ರಿ," ಎಂದರು ಎಂಜಿನಿಯರು.

ಚೇರಮನ್ನರು ಬಗ್ಗಿ ಮೇಜಿನ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಕಾಲಿಲೆ ಏನರ ತುಳೀತಿಯೇನವಾ? ಹೊಲಿಗಿ ಮಷಿನ್‌ನಂಗ?"

"ಇಲ್ರಿ."

"ಹಂಗಾರ ಆ ಗ್ವಾಡಿಗೆ ಹೋಗಿ ನಿಲ್ಲು. ನಾ ಕೇಳೂ ತನಕಾ ಅಲ್ಲೇ ಇರಬೇಕು."

ಗೋಡೆಗೆ ಹೋಗಿ ನಿಂತೆ. ಹತ್ತು ಸೀರೆಯ ಹಾಳೆ. ಒಂದು ಪಾಸು, ಎರಡು ಪಾಸು, ನಾಯಿ ಬೊಗಳುತ್ತಿತ್ತು. ಆರು ಪಾಸಾಗುವ ಹೊತ್ತಿಗೆ ಚೇರಮನ್ನರ ಮುಖ ಅರಳಿತು.

"ತಾನ ಒತ್ತತೈತಿ. ತಾನ ನೋಡತೈತಿ. ತಾನ ಪಾಸ್ ಅಂತೈತಿ. ಖರೇನ ಭಾಳ ಚೊಲೋ ಐತಿ." ಸ್ವಲ್ಪ ತಡೆದು ಕೇಳಿದರು, "ಹಂಗಾರ ಈಕಿ ಯಾಕ ಬೇಕು?"

ಯಂತ್ರ ಫೇಲಾದರೆ ಮನೆಗೆ ಎಂದು ಮೂರು ತಿಂಗಳು ಹೆದರಿದ್ದೆ. ಪಾಸಾದರೂ ಮನೆಗೇ ಎಂಬುದು ನನ್ನ ಯಾವ ಹಾಳೆಯಲ್ಲಿಯೂ ಇರಲಿಲ್ಲ.

"ಹೌದಲ್ರಿ. ಯಾಕ ಬೇಕು?" ಎಂದರು ಮ್ಯಾನೇಜರರು. ಅವರು ಅಷ್ಟು ಬೇಗ ಉತ್ತರ ಕೊಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು. ಎಂಜಿನಿಯರು ಪೆನ್ನು ಹುಡುಕತೊಡಗಿದರು.

ಚೇರಮನ್ನರು ಸಮಾಧಾನದಿಂದ ಕುರ್ಚಿಯನ್ನು ಇನ್ನಷ್ಟು ಮುಂದೆ ಜಗ್ಗಿಕೊಂಡು ಕೂತರು. ಏಳನೆಯ ಸೀರೆ ಶುರುವಾಯಿತು. ಪ್ರಿಂಟರು ಕಿರ್ ಎಂದು ಅಲ್ಲೇ ನಿಂತಿತು. ಯಂತ್ರ ನೋಡಿತು, ನೋಡಿತು, ಕಡೆಗೆ ನಾನು ಕಲಿಸಿದಂತೆಯೇ ಬರೆಯಿತು: ಇಷ್ಟು ಹೊತ್ತು ಕಾದೆ, ಆಯಿತು ಎಂದು ಬರಲಿಲ್ಲ, ಕಡೆಗೆ ಕಂಡದ್ದು "ಕಾಗದ ಹಾಕಿ". ಫೇಲು.

ಎಂಜಿನಿಯರು ನೆಲದ ಮೇಲಿನ ಪೆಟ್ಟಿಗೆ ನೋಡಿದರು. ಕಾಗದ ತುಂಬಿತ್ತು. ಇನ್ನೊಮ್ಮೆ ಹಚ್ಚಿದರು. ಫೇಲು. ಫ್ಲಾಪಿ ಹೊರಗೆ ತೆಗೆದು ಊದಿ ಒಳಗೆ ಹಾಕಿದರು. ಫೇಲು. ಮ್ಯಾನೇಜರರು ಚಪ್ಪಲಿ ಬಿಟ್ಟು ಬಂದು ಕೈ ಮುಗಿದರು.

ಗೋಡೆಯ ಹತ್ತಿರ ನಿಂತ ನನಗೆ ಕಾಣುತ್ತಿತ್ತು. ಪೆಟ್ಟಿಗೆಯಿಂದ ಪ್ರಿಂಟರಿಗೆ ಹೋಗುವ ಉದ್ದನೆಯ ಕಾಗದದ ಮೇಲೆ ಸಾಗವಾನಿ ಕುರ್ಚಿಯ ಹಿಂದಿನ ಕಾಲು ಊರಿತ್ತು. ಕುರ್ಚಿಯ ಮೇಲೆ ಚೇರಮನ್ನರಿದ್ದರು. ಆ ಕಾಗದವನ್ನು ಜೋಡೆತ್ತು ಕಟ್ಟಿದರೂ ಎಳೆಯಲು ಆಗುತ್ತಿರಲಿಲ್ಲ.

ನಾ ಕೇಳೂ ತನಕಾ ಎಂದಿದ್ದರು. ನಿಂತೆ. ಎಷ್ಟು ಹೊತ್ತು ಎಂದು ಎಣಿಸಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ.

ಅವರು ಎಂಜಿನಿಯರನ್ನು ನೋಡಿದರು, ಮ್ಯಾನೇಜರರನ್ನು ನೋಡಿದರು, ಕಡೆಗೆ ಗೋಡೆಯ ಕಡೆ ತಿರುಗಿದರು. "ಏನವಾ, ನಿನಗೇನರ ಗೊತ್ತೈತೇನು? ಏನಾಗೇತಿ ಇದಕ್ಕ?"

"ಅದಕ್ಕೇನೂ ಆಗಿಲ್ರಿ. ಕಾಯಾಕತ್ತೈತಿ."

"ಯಾರನ್ನ?"

"ತಮ್ಮನ್ನರಿ."

"ನನ್ನ ಯಾಕ?"

"ತಾವು ಏಳಲಿ ಅಂತ್ರಿ. ಕುರ್ಚಿ ಕಾಲು ಕಾಗದದ ಮ್ಯಾಲೈತಿ."

ಮ್ಯಾನೇಜರರು ಕಣ್ಣು ಮುಚ್ಚಿಕೊಂಡರು. ಆ ಕುರ್ಚಿಯಿಂದ ಏಳಿ ಎಂದು ಚೇರಮನ್ನರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದುಕೊಂಡವರು ಬಹಳ ಮಂದಿ ಇದ್ದರು.

ಅವರು ಎದ್ದರು. ಕುರ್ಚಿ ಸರಿಸಿದರು. ಎಂಜಿನಿಯರು ತಿರುಗಿ ಹಚ್ಚಿದರು. ಕಾಗದ ಬಂತು. ಏಳು, ಎಂಟು, ಒಂಬತ್ತು, ಹತ್ತು, ಎಲ್ಲ ಪಾಸು. ನಾಯಿಯ ದನಿ ಬಿದ್ದುಹೋಗಿತ್ತು.

"ಮಷಿನ್ ಕಾಗದ ಇಲ್ಲಂತು," ಎಂದರು ಚೇರಮನ್ನರು, ನಿಂತೇ ಮ್ಯಾನೇಜರರ ಕಡೆ ತಿರುಗಿ. "ಎಂಜಿನಿಯರು ಊದಿದ್ರು. ನೀ ಕೈ ಮುಗದಿ. ಏಳ್ರಿ ಅಂದಾಕಿ ಈಕಿ ಒಬ್ಬಾಕಿ. ಈಕಿನ್ನ ಕಾಯಂ ಮಾಡ್ರಿ. ನನಗ ಹುನಗುಂದದ ಬಸ್ಸಿಗೆ ಹೊತ್ತಾತು, ಈಗ ಆರ್ಡರ್ ಕೊಡ್ರಿ, ಸಹಿ ಮಾಡ್ತೇನಿ."

"ಟೈಪ್ ಮಾಡೂ ಮನಷ್ಯಾ ರಜಾ ಮ್ಯಾಲದಾನ್ರಿ. ಮುಂದಿನ ವಾರ..." ಎಂದರು ಮ್ಯಾನೇಜರರು.

"ಇಷ್ಟ ದೊಡ್ಡ ಮಷಿನ್ ಐತಲ್ಲ. ಇದರಾಗ ಹೊಡೀರಿ."

"ಇದಕ್ಕ ಸೀರಿ ಚೀಟಿ ಒಂದ ಗೊತ್ರಿ," ಎಂದರು ಎಂಜಿನಿಯರು.

"ಸೀರಿ ಅಂತನ ಹೊಡೀರಿ."

ಯಂತ್ರದ ಮುಂದೆ ಕೂತೆ. ಮ್ಯಾನೇಜರರು ಹೇಳುತ್ತ ಹೋದರು. ನಂಬರು ಎಂದು ಕೇಳಿದ್ದಕ್ಕೆ ಕಾಯಂ ಒಂದು. ಬಣ್ಣ ಎಂದು ಕೇಳಿದಾಗ ನನ್ನನ್ನು ನೋಡಿ, ಮೇಲೆ ಮಾಳಿಗೆಯ ಜಂತಿ ನೋಡಿ, "ಗೋಧಿ" ಎಂದರು. ಉದ್ದ ಕೇಳಿದಾಗ ಐದು ಫೂಟು ಒಂದು ಇಂಚು ಎಂದು ನಾನೇ ಒತ್ತಿದೆ. ಅಷ್ಟರಲ್ಲಿ ಚೇರಮನ್ನರು ಪೆನ್ನಿನ ಟೋಪಿ ತೆಗೆದಿದ್ದರು. ಆ ಟೋಪಿ ತಿರುಗಿ ಪೆನ್ನಿನ ಮೇಲೆ ಕೂತರೆ ನನ್ನ ಕತೆ ಮುಂದಿನ ವಾರಕ್ಕೆ ಹೋಗುತ್ತದೆ, ಮುಂದಿನ ವಾರ ಎಂಬುದು ಮ್ಯಾನೇಜರರ ಕೈಯಲ್ಲಿದೆ. ಮೂರು ತಿಂಗಳು ಯಂತ್ರಕ್ಕೆ ಪರದೆ ನೋಡು, ಪರದೆ ನೋಡು ಎಂದು ಕಲಿಸಿದವಳು ನಾನು. ಆ ಗಳಿಗೆಯಲ್ಲಿ ನನ್ನ ಕಣ್ಣು ಪೆನ್ನಿನ ಮೇಲಿತ್ತು. ಪರದೆ ಏನು ಕೇಳುತ್ತಿದೆ ಎಂದು ನೋಡದೆ ವೈ ಒತ್ತಿಬಿಟ್ಟೆ.

ಪರದೆ ಇನ್ನೂ ಅಂಚಿನಲ್ಲೇ ಇತ್ತು. ಆಮೇಲೆ ಅದು "ಸರಿಯೇ?" ಎಂದು ಕೇಳಿತು. ಒತ್ತಿಯಾಯಿತಲ್ಲ ಎಂದು ನಾನು ಪೆನ್ನನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತು ನೋಡಿ ತಾನೇ ಹೌದು ಎಂದುಕೊಂಡಿತು. ಅದೊಂದನ್ನು ಎಂಜಿನಿಯರು ಕಡೆಯವರೆಗೂ ತಿದ್ದಿರಲಿಲ್ಲ. ಚೀಟಿ ಬಂತು. ಚೇರಮನ್ನರು ಓದದೆ ಸಹಿ ಮಾಡಿ ಬಸ್ಸಿಗೆ ಹೋದರು.

ಸಂಜೆ ಮನೆಯಲ್ಲಿ ಅತ್ತೆ, "ಏನ ಬರದಾರ, ಓದು," ಎಂದರು. ಓದಿದೆ. ನಂಬರು ಕಾಯಂ ಒಂದು. ಬಣ್ಣ ಗೋಧಿ. ಉದ್ದ ಐದು ಫೂಟು ಒಂದು ಇಂಚು. ಅಂಚು ವೈ.

ಅತ್ತೆ ಚೀಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ವೈ ಅಂಚು," ಎಂದರು. "ಬಾಗಲಕೋಟ್ಯಾಗ ಈಗ ಎಲ್ಲಾರೂ ಅದನ್ನ ಉಡಾಕತ್ತಾರಂತ. ಹೆಂಗೂ ಕಾಯಂ ಆದೆಲ್ಲ, ನನಗೂ ಅಂಥಾದೊಂದು ತಾ."